ಅರ್ಧ ಕೊಡ ನೀರು

ಬಂಟ್ವಾಳ ಪೇಟೆಯಲ್ಲಿ ನನಗೆ 'ಅರ್ಧ ಕೊಡದ ಪದ್ಮಕ್ಕ' ಎಂದು ಹೆಸರಿತ್ತು. ಬೆನ್ನ ಹಿಂದೆ ಎಲ್ಲರೂ ಹಾಗೆ ಕರೆಯುತ್ತಿದ್ದರು, ಎದುರಿಗೆ ಕೆಲವರು. ನಾನು ಬಾವಿಯಿಂದ ಅರ್ಧ ಕೊಡ ನೀರು ತರುತ್ತೇನೆ, ಕಟ್ಟೆಯ ಮೇಲೆ ಕೂರುತ್ತೇನೆ, ಆಮೇಲೆ ಉಳಿದರ್ಧ ತರುತ್ತೇನೆ. ತುಂಬಿದ ಕೊಡ ತುಳುಕುವುದಿಲ್ಲ ಎಂಬ ಗಾದೆಯನ್ನು ನನ್ನ ಮುಖ ನೋಡಿ ಹೇಳುವುದು ನಮ್ಮ ಬೀದಿಯ ಹೆಂಗಸರಿಗೆ ಒಂದು ಸಂತೋಷವಾಗಿತ್ತು. ಹಾಗೆ ಅರ್ಧ ಕೊಡ ಹೊರಲು ತೊಡಗಿದ ಮೇಲೆ ನಾನು ತುಂಬಿದ ಕೊಡ ಎತ್ತಿದ್ದು ಒಂದೇ ಒಂದು ಸಲ. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಇದು ಗುಣವಾದವಳ ಕಥೆಯಲ್ಲ. ನನಗೆ ಗುಣವಾಗಲಿಲ್ಲ. ನನ್ನ ಹಾಗೆ ಸುಸ್ತಿನ ಜೊತೆಗೇ ಸಂಸಾರ ಮಾಡುತ್ತ, ಸೋಮಾರಿ ಎನಿಸಿಕೊಂಡು ಬದುಕುತ್ತಿರುವವರು ಎಲ್ಲಾದರೂ ಇದ್ದರೆ ಅವರು ಓದಲಿ ಎಂದು ಬರೆಯುತ್ತಿದ್ದೇನೆ. ಮನೆಯಲ್ಲಿ ನಾವು ಆಡುತ್ತಿದ್ದುದು ತುಳು. ಇಲ್ಲಿ ಕನ್ನಡದಲ್ಲಿ ಬರೆದಿರುವುದರಿಂದ ಮಾತುಗಳು ಸ್ವಲ್ಪ ಮೆತ್ತಗೆ ಕಂಡಾವು. ಕೇಳುವಾಗ ಅಷ್ಟು ಮೆತ್ತಗೆ ಇರಲಿಲ್ಲ.

ನಾನು ಬೆಳ್ತಂಗಡಿ ಕಡೆಯವಳು. ಮದುವೆಯಾಗಿ ಬಂಟ್ವಾಳಕ್ಕೆ ಬಂದಾಗ ನಮ್ಮ ಜಿಲ್ಲೆ ಇನ್ನೂ ಮದ್ರಾಸಿಗೆ ಸೇರಿತ್ತು. ಗಂಡನ ಮನೆಯವರು ಪೇಟೆಯಲ್ಲಿ ಹೋಟೆಲು ಇಟ್ಟಿದ್ದರು. ರಸ್ತೆಗೆ ಬೆಂಚು ಮೇಜು, ಅದರ ಹಿಂದೆ ಮನೆ, ಮನೆಯ ಹಿಂದೆ ಬಾವಿ, ಅದಕ್ಕೂ ಕೆಳಗೆ ನೇತ್ರಾವತಿ. ಇಡ್ಲಿಯ ಹಿಟ್ಟು, ದೋಸೆಯ ಹಿಟ್ಟು, ಚಟ್ನಿ, ಸಾಂಬಾರಿನ ಮಸಾಲೆ ಎಲ್ಲವನ್ನೂ ಮನೆಯ ಹೆಂಗಸರೇ ರುಬ್ಬುವ ಕಲ್ಲಿನಲ್ಲಿ ಕಡೆಯಬೇಕು, ಅದೂ ಮಡಿಯಲ್ಲಿ. ಹೊರಗಿನವರ ಕೈಯ ಹಿಟ್ಟನ್ನು ಗಿರಾಕಿಗಳು ಮುಟ್ಟುವುದಿಲ್ಲ ಎಂದು ಅತ್ತೆ ನಂಬಿದ್ದರು. ಹೆಂಗಸರು ಎಂದರೆ ಅತ್ತೆ ಮತ್ತು ನಾನು, ಅಷ್ಟೇ. ಅತ್ತೆಗೆ ಮೊಣಕಾಲು ನೋವು. ಹಾಗಾಗಿ ಕಲ್ಲಿನ ಮುಂದೆ ಕೂತವಳು ನಾನು.

ಮದುವೆಯಾದ ಎರಡನೆಯ ಮಳೆಗಾಲದಲ್ಲಿ ಇಪ್ಪತ್ತೊಂದು ದಿನದ ಜ್ವರ ಬಂತು. ಕೂದಲು ಉದುರಿತು, ನಾಲಗೆ ಒಡೆಯಿತು, ಗಂಜಿಯ ತಿಳಿ ಮಾತ್ರ ಇಳಿಯುತ್ತಿತ್ತು. ಜ್ವರ ಬಿಟ್ಟ ದಿನ ಅತ್ತೆ ದೇವರಿಗೆ ತುಪ್ಪದ ದೀಪ ಇಟ್ಟರು. ಕೂದಲು ಮತ್ತೆ ಬಂತು, ನಾಲಗೆಗೆ ರುಚಿ ಬಂತು. ಶಕ್ತಿ ಮಾತ್ರ ಬರಲಿಲ್ಲ. ಒಂದು ತಿಂಗಳು, ಎರಡು ತಿಂಗಳು ಎಂದು ಕಾದರು. ಆಮೇಲೆ ಕಾಯುವುದನ್ನು ಬಿಟ್ಟರು.

ಪೂರ್ತಿ ಹಾಸಿಗೆ ಹಿಡಿದಿದ್ದರೆ ಯಾರಿಗೂ ಅನುಮಾನ ಬರುತ್ತಿರಲಿಲ್ಲ. ನನ್ನನ್ನು ಕೆಡಿಸಿದ್ದು ಒಳ್ಳೆಯ ದಿನಗಳು. ಒಂದು ದಿನ ಬೆಳಿಗ್ಗೆ ಏಳುವಾಗ ಮೈ ಹಗುರವಾಗಿರುತ್ತಿತ್ತು. ಹಾಳು ಉತ್ಸಾಹ. ಆ ದಿನ ಉದ್ದು ಕಡೆದು, ಅಕ್ಕಿ ಕಡೆದು, ನೀರು ಸೇದಿ, ಅಂಗಳ ಗುಡಿಸಿ, ನಾನೂ ಮನುಷ್ಯಳು ಎಂದು ತೋರಿಸಿಬಿಡುತ್ತಿದ್ದೆ. ಮರುದಿನವೂ ಹೇಗೋ ನಡೆಯುತ್ತಿತ್ತು. ಅದರ ಮರುದಿನ ಲೋಟ ಎತ್ತಿದರೆ ಕೈ ನಡುಗುತ್ತಿತ್ತು, ಮಾತಾಡುವವರ ಮಾತು ಕಿವಿಗೆ ಬಿದ್ದರೂ ತಲೆಗೆ ಹೋಗುತ್ತಿರಲಿಲ್ಲ.

"ಮೊನ್ನೆ ನೆಟ್ಟಗೆ ಇದ್ದಿ ಅಲ್ಲವಾ? ಇವತ್ತು ಎಂಥ ಆಯಿತು ನಿನಗೆ?" ಎಂದು ಅತ್ತೆ ಕೇಳುತ್ತಿದ್ದರು. ನಾನು ಚೆನ್ನಾಗಿ ಕೆಲಸ ಮಾಡಿದ ಒಂದೊಂದು ದಿನವೂ ನನ್ನ ವಿರುದ್ಧ ಸಾಕ್ಷಿ ಹೇಳುತ್ತಿತ್ತು.

ಪೇಟೆಯ ಡಾಕ್ಟರು ನಾಡಿ ನೋಡಿದರು, ಕಣ್ಣಿನ ಕೆಳಗೆ ಎಳೆದು ನೋಡಿದರು, ಕೆಂಪು ಮದ್ದನ್ನು ಕಾಗದದ ಗುರುತು ಅಂಟಿಸಿದ ಬಾಟಲಿಯಲ್ಲಿ ಕೊಟ್ಟರು. ಮೂರು ಬಾಟಲಿ ಮುಗಿದ ಮೇಲೆ ನನ್ನ ಗಂಡನ ಹತ್ತಿರ, ನಾನು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ, "ಎಂಥ ರೋಗವೂ ಇಲ್ಲ. ಮನಸ್ಸು ಗಟ್ಟಿ ಮಾಡಬೇಕು. ಒಂದು ಮಗು ಆದರೆ ಎಲ್ಲ ಸರಿಯಾಗ್ತದೆ" ಎಂದರು. ಅಂದಿನಿಂದ ಮನೆಯಲ್ಲಿ ನನ್ನ ಕಾಯಿಲೆಗೆ ಮನಸ್ಸು ಎಂದು ಹೆಸರಾಯಿತು.

ಒಬ್ಬರು ಮಾತ್ರ ಸರಿಯಾದ ಪ್ರಶ್ನೆ ಕೇಳಿದರು. ಮೂಡಬಿದಿರೆಯಲ್ಲಿ ಒಬ್ಬ ಮುದುಕ ಪಂಡಿತರಿದ್ದರು. ಅವರ ಕಷಾಯಕ್ಕೆ ಜನ ದೂರದಿಂದ ಬರುತ್ತಿದ್ದರು. ಬಸ್ಸು ಇಳಿದು ಅವರ ಮನೆಯ ಜಗಲಿ ಮುಟ್ಟುವಾಗ ನನಗೆ ಕಣ್ಣು ಕತ್ತಲೆ ಬಂದಿತ್ತು. ಜಗಲಿಯ ತುಂಬ ರೋಗಿಗಳು. ಒಬ್ಬಳು ಮುದುಕಿ, ಕೆಮ್ಮಿ ಕೆಮ್ಮಿ ಬಾಗಿ ಹೋದವಳು, ಗೋಡೆಗೆ ಒರಗುವ ತನ್ನ ಜಾಗದಿಂದ ಸರಿದು, "ಇಲ್ಲಿ ಕೂತುಕೋ ಮಗಳೇ, ಗೋಡೆ ಉಂಟು" ಎಂದಳು. ನನ್ನ ಸುಸ್ತನ್ನು ಪುರಾವೆ ಕೇಳದೆ ನಂಬಿದ ಮೊದಲನೆಯ ಮನುಷ್ಯಳು ಅವಳು. ಹೆಸರು ಕೇಳಲೂ ನನಗೆ ತ್ರಾಣ ಇರಲಿಲ್ಲ.

ಪಂಡಿತರು ಕೇಳಿದರು: "ಸುಸ್ತು ಬರುವುದು ಕೆಲಸ ಮಾಡಿದ ದಿವಸವೋ, ಅದರ ನಂತರದ ದಿವಸವೋ?"

"ನಂತರ," ಎಂದೆ.

"ಹಾಗಾದರೆ ಸುಸ್ತಾದ ಮೇಲೆ ಕೂತರೆ ಪ್ರಯೋಜನ ಇಲ್ಲ. ಆಗುವ ಮೊದಲೇ ಕೂತುಕೊಳ್ಳಬೇಕು. ಇನ್ನೂ ಮಾಡಬಹುದು ಅಂತ ಕಾಣುವಾಗಲೇ ಬಿಟ್ಟು ಏಳಬೇಕು. ಕಷಾಯ ಕೊಡ್ತೇನೆ, ಆದರೆ ಮದ್ದು ಅದಲ್ಲ, ಇದು."

ತಿರುಗಿ ಬರುವ ಬಸ್ಸಿನಲ್ಲಿ ಇವರು ನಕ್ಕರು. ಕೆಟ್ಟವರಲ್ಲ ನನ್ನ ಗಂಡ. ಬೆಳಿಗ್ಗೆಯಿಂದ ಗಿರಾಕಿಗಳ ಮುಂದೆ ನಿಂತೇ ಇರುವವರು. "ಸುಸ್ತಾಗುವ ಮೊದಲೇ ಕೂತುಕೊಳ್ಳುವ ಮದ್ದು. ನನಗೂ ಒಂದು ಬಾಟಲಿ ಕೇಳಬೇಕಿತ್ತು," ಎಂದರು. ಮನೆಯಲ್ಲಿ ಅತ್ತೆಗೂ ಅದನ್ನೇ ಹೇಳಿ ನಗಿಸಿದರು. ಅತ್ತೆ ನಗುವುದನ್ನು ಮುಗಿಸಿ, "ಹೀಗೇ ಆದರೆ ಬೆಳ್ತಂಗಡಿಗೆ ಬಿಟ್ಟು ಬರುವ. ಹುಷಾರಾದ ಮೇಲೆ ಕರೆದುಕೊಂಡು ಬಂದರೆ ಆಯಿತು," ಎಂದರು.

ಈ ಮಾತಿನ ಅರ್ಥ ಆ ಕಾಲದ ಹೆಂಗಸರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಬೀದಿಯಲ್ಲೇ ಇಬ್ಬರನ್ನು ಹಾಗೆ ಬಿಟ್ಟು ಬಂದಿದ್ದರು. ಒಬ್ಬಳನ್ನೂ ಕರೆದುಕೊಂಡು ಬರಲಿಲ್ಲ. ನನ್ನ ಅಪ್ಪ ಅಮ್ಮ ತೀರಿಹೋಗಿ, ತವರು ಎಂದರೆ ಅಣ್ಣ ಅತ್ತಿಗೆಯ ಮನೆಯಾಗಿತ್ತು. ಅಲ್ಲಿ ಹೋಗಿ ಕೂತರೆ ಜೀವವಿರುವವರೆಗೆ ಇನ್ನೊಬ್ಬರ ಅಡುಗೆಮನೆಯ ಬಾಗಿಲಲ್ಲಿ ನಿಲ್ಲಬೇಕು. ಹಾಗಾಗಿ ನಾನು ಬಂಟ್ವಾಳದ ಕಲ್ಲಿನ ಮುಂದೆ ಹೇಗಾದರೂ ಕೂತಿರಲೇಬೇಕಿತ್ತು. ಕೂತಿರಬೇಕಾದರೆ ನಡುನಡುವೆ ಮಲಗಬೇಕಿತ್ತು. ಮಲಗಲು ದಾರಿ ಇರಲಿಲ್ಲ.

ದಾರಿ ಇತ್ತು. ತಿಂಗಳಿಗೆ ಮೂರು ದಿನ.

ಆಗ ಮುಟ್ಟಾದ ಹೆಂಗಸು ಮನೆಯೊಳಗೆ ಬರುವಂತಿಲ್ಲ. 'ಹೊರಗೆ' ಎಂದು ಹೇಳಿದರೆ ಆಯಿತು, ಮನೆಗೆ ಮನೆಯೇ ಸರಿದು ನಿಲ್ಲುತ್ತಿತ್ತು. ಸೌದೆ ಕೊಟ್ಟಿಗೆಯ ಪಕ್ಕದ ಸಣ್ಣ ಕೋಣೆ, ಒಂದು ಚಾಪೆ, ದೂರದಿಂದ ಬಡಿಸುವ ಊಟ. ಕಡೆಯುವ ಕಲ್ಲು, ಬಾವಿಯ ಹಗ್ಗ ಯಾವುದನ್ನೂ ಮುಟ್ಟುವಂತಿಲ್ಲ. ಬೇರೆ ಮನೆಗಳಲ್ಲಿ ಹೊರಗಾದವರಿಗೆ ಹುಲ್ಲು ಕೊಯ್ಯುವ ಕೆಲಸವಾದರೂ ಇರುತ್ತದೆ. ಪೇಟೆಯ ಮನೆಯಲ್ಲಿ ಅದೂ ಇಲ್ಲ. ತೆಂಗಿನ ಮಡಲಿನಿಂದ ಕಡ್ಡಿ ಸೀಳಿ ಗುಡಿಸುವ ಹಿಡಿಸೂಡಿ ಕಟ್ಟಬೇಕು, ಅಷ್ಟೇ. ಬೇರೆಯವರು ಆ ಕೋಣೆಯನ್ನು ಶಪಿಸುತ್ತಿದ್ದರು. ನನಗೆ ಅದೇ ಆಸ್ಪತ್ರೆಯಾಯಿತು. ನಾಲ್ಕನೆಯ ದಿನ ಮಿಂದು ಒಳಗೆ ಬರುವಾಗ ನನ್ನ ಕಾಲು ನನ್ನ ಮಾತು ಕೇಳುತ್ತಿತ್ತು. ಹತ್ತು ಹನ್ನೆರಡು ದಿನ ಹಾಗೆ ಸಾಗುತ್ತಿತ್ತು. ಆಮೇಲೆ ಬೀಳುತ್ತಿದ್ದೆ.

ಒಂದು ತಿಂಗಳು, ಬೀಳುವ ಮೊದಲೇ, ಮಧ್ಯದಲ್ಲಿ ಒಂದು ಬೆಳಿಗ್ಗೆ ಬಾಗಿಲಿನ ಹೊರಗೆ ನಿಂತು "ಅತ್ತೆ, ನಾನು ಹೊರಗೆ," ಎಂದುಬಿಟ್ಟೆ. ಅತ್ತೆ "ಇಷ್ಟು ಬೇಗವಾ?" ಎಂದರು, ಅಷ್ಟೇ. ಸುಸ್ತು ಎಂದು ಎರಡು ವರ್ಷ ಹೇಳಿದರೂ ಸಿಗದ ಮೂರು ದಿನ, ಮೂರು ಅಕ್ಷರದ ಒಂದು ಸುಳ್ಳಿಗೆ ಸಿಕ್ಕಿತು.

ಎಂಟು ತಿಂಗಳು ತಿಂಗಳಿಗೆ ಎರಡು ಸಲ ಹೊರಗಾದೆ. ಆ ಎಂಟು ತಿಂಗಳಲ್ಲಿ ನಾನು ಪಂಡಿತರ ಮದ್ದನ್ನು ಕಲಿತೆ. ಹನ್ನೆರಡು ದಿನದ ಶಕ್ತಿಯನ್ನು ಹನ್ನೆರಡು ದಿನಕ್ಕೆ ಹಂಚಬೇಕು. ಹಗುರಾದ ದಿನವನ್ನು ನಂಬಬಾರದು. ಅದು ನಾಳಿನದನ್ನು ಕದ್ದು ತಂದ ಹಗುರ. ಉದ್ದು ಕಡೆದ ಮೇಲೆ ಅಕ್ಕಿಗೆ ಕೈ ಹಾಕುವ ಮೊದಲು ಕೂತಲ್ಲೇ ತೆಂಗಿನಕಾಯಿ ತುರಿಯಬೇಕು. ಕೊಡವನ್ನು ಅರ್ಧವೇ ತುಂಬಬೇಕು. ಅತ್ತೆ ಪಕ್ಕದ ಮನೆಯವರ ಹತ್ತಿರ, "ಈಗ ಪರವಾಗಿಲ್ಲ, ಹಿಟ್ಟು ಹೂವಿನ ಹಾಗೆ ಕಡೆಯುತ್ತಾಳೆ," ಎಂದದ್ದು ನನಗೆ ಕೇಳಿಸಿತು. ಕೇಳಿ ಖುಷಿಯಾಯಿತು ಎಂದು ಬರೆಯಲು ನಾಚಿಕೆಯಾಗುತ್ತದೆ. ಆದರೆ ಆಯಿತು.

ಆಮೇಲೆ ಮನೆಯಲ್ಲಿ ಚಿಂತೆ ಸುರುವಾಯಿತು. ತಿಂಗಳಿಗೆ ಎರಡು ಸಲ ಎಂದರೆ ಅದು ರೋಗವೇ. ಮಗುವಾಗದ್ದಕ್ಕೂ ಅದೇ ಕಾರಣ. ಅಲ್ಲಿಂದ ನನಗೆ ಸಿಕ್ಕಿದ ಮರ್ಯಾದೆಯನ್ನು ಏನೆಂದು ಹೇಳಲಿ. ಊಟಕ್ಕೆ ತುಪ್ಪ ಬಂತು. ಇವರು ತಾವೇ ಲೋಟದಲ್ಲಿ ಹಾಲು ತಂದು ಹೊಸ್ತಿಲಲ್ಲಿಟ್ಟು, "ಕುಡಿ, ರಕ್ತ ಹೋಗಿದೆ," ಎಂದರು. ಅತ್ತೆ ಪೊಳಲಿಯ ಅಮ್ಮನಿಗೆ ಹರಕೆ ಹೇಳಿಕೊಂಡರು. ರಕ್ತ ಹೋಗುವ ಕಾಯಿಲೆಗೆ ಜನ ಹಾಲು ಕೊಡುತ್ತಾರೆ. ಶಕ್ತಿ ಹೋಗುವ ಕಾಯಿಲೆಗೆ ಬುದ್ಧಿ ಹೇಳುತ್ತಾರೆ. ಆ ಹಾಲನ್ನು ನಾನು ಕುಡಿದೆ. ನನ್ನ ನಿಜವಾದ ಕಾಯಿಲೆಗೆ ಬರಬೇಕಾಗಿದ್ದ ಹಾಲು ತಪ್ಪು ವಿಳಾಸಕ್ಕೆ ಬಂದಿದೆ ಎಂದುಕೊಂಡು ಕುಡಿದೆ.

ಮಂಗಳೂರಿನಲ್ಲಿ ಒಬ್ಬ ಲೇಡಿ ಡಾಕ್ಟರಿಗೆ ತೋರಿಸಿದರು. ಆಕೆ ಕೇಳಿದ್ದಕ್ಕೆಲ್ಲ ಅತ್ತೆಯ ಎದುರು ನಾನು ಸುಳ್ಳನ್ನೇ ಹೇಳಿದೆ. ಎರಡು ತಿಂಗಳು ಮಾತ್ರೆ ಕೊಟ್ಟರು. ಮಾತ್ರೆಯನ್ನು ಸೌದೆಯ ಸಂದಿಗೆ ಹಾಕಿದೆ. ಎರಡನೆಯ ಸಲ ಹೋದಾಗ ಡಾಕ್ಟರಮ್ಮ, "ಮಾತ್ರೆಗೆ ನಿಲ್ಲದಿದ್ದರೆ ಮತ್ತಿನ ಮದ್ದು ಕೊಟ್ಟು ಗರ್ಭಕೋಶದ ಒಳಗೆ ಕೆರೆದು ನೋಡಬೇಕಾಗ್ತದೆ. ಮುಂದಿನ ವಾರ ಬಂದು ಸೇರಿ," ಎಂದರು.

ಆ ಮುಂದಿನ ವಾರದ ಬೆಂಚು ನನಗೆ ಇವತ್ತಿಗೂ ನೆನಪಿದೆ. ಫಿನಾಯಿಲಿನ ವಾಸನೆ. ಎದುರಿನ ಗೋಡೆಯಲ್ಲಿ ನಗುವ ಮಗುವಿನ ಕ್ಯಾಲೆಂಡರ್. ಬದಿಯಲ್ಲಿ ಅತ್ತೆ, ಮಡಿಲಲ್ಲಿ ನನ್ನ ಬಟ್ಟೆಯ ಗಂಟು. ಇವರು ಹೊರಗೆ ಮರದಡಿ ನಿಂತಿದ್ದರು. ನಮ್ಮ ಮುಂದಿನವಳನ್ನು ಕರೆದರು. ಇನ್ನು ನನ್ನದೇ ಸರದಿ. ಏನೂ ಆಗದ ಗರ್ಭಕೋಶವನ್ನು ಕೆರೆಯುತ್ತಾರೆ, ಮಗುವಿನ ಆಸೆಯೂ ಹೋಗುತ್ತದೆ ಎಂದು ಅತ್ತೆಯ ಕಡೆ ತಿರುಗಿದೆ.

"ಅತ್ತೆ, ನಾನು ಸುಳ್ಳು ಹೇಳಿದ್ದು," ಎಂದೆ. "ನನಗೆ ತಿಂಗಳಿಗೆ ಒಂದೇ ಸಲ ಆಗುವುದು."

ಅತ್ತೆ ತಿರುಗಿ ನೋಡಲಿಲ್ಲ. "ಗೊತ್ತುಂಟು," ಎಂದರು.

"ಯಾವಾಗಿಂದ?"

"ಬೇಸಿಗೆಯಿಂದ. ಹಿಂದಿನ ಕಲ್ಲು ಒಣಗಿ ಇರ್ತದಲ್ಲ, ಎರಡನೆಯ ಸಲ."

ಹೊರಗಾದವರ ಬಟ್ಟೆ ಒಗೆಯಲು ಹಿತ್ತಿಲಿನ ಹಲಸಿನ ಮರದ ಬುಡದಲ್ಲಿ ಬೇರೆಯೇ ಒಂದು ಕಲ್ಲು ಇತ್ತು. ನಿಜವಾಗಿ ಮುಟ್ಟಾದಾಗ ಮೂರು ದಿನವೂ ಅಲ್ಲಿ ಬಟ್ಟೆ ಒಗೆಯುತ್ತಿದ್ದೆ. ಸುಳ್ಳಿನ ದಿನಗಳಲ್ಲಿ ಅತ್ತ ಹೋಗಲೇ ಇಲ್ಲ. ಮಲಗಲೆಂದು ಹೇಳಿದ ಸುಳ್ಳು. ಅದಕ್ಕಾಗಿ ಎದ್ದು ಹೋಗಿ ಒಂದು ಚೆಂಬು ನೀರು ಹೊಯ್ಯುವಷ್ಟು ಶಕ್ತಿಯನ್ನೂ ಖರ್ಚು ಮಾಡಿರಲಿಲ್ಲ. ಸುಳ್ಳು ಹೇಳುವುದಕ್ಕೂ ಆರೋಗ್ಯ ಬೇಕು.

"ಗೊತ್ತಿದ್ದೂ ಇಲ್ಲಿಯವರೆಗೆ ಯಾಕೆ ಕರೆದುಕೊಂಡು ಬಂದಿರಿ?" ಎಂದು ಕೇಳಿದೆ.

"ಎಷ್ಟು ದೂರ ಹೋಗ್ತಿ ನೋಡುವ ಅಂತ," ಎಂದರು ಅತ್ತೆ. ಗಂಟು ಎತ್ತಿಕೊಂಡು ಎದ್ದರು.

ನಾನೂ ಎದ್ದೆ. ನಿಂತಲ್ಲೇ ಹೇಳಿದೆ, "ನನಗೆ ಸುಸ್ತು ಅತ್ತೆ. ಅದು ಮಾತ್ರ ಸುಳ್ಳಲ್ಲ." ಅವರು ಆಗಲೇ ಬಾಗಿಲು ದಾಟಿದ್ದರು.

ಮನೆಗೆ ಬಂದ ಮೇಲೆ ಯಾರೂ ನನಗೆ ಹೊಡೆಯಲಿಲ್ಲ. ಇವರು, "ಬೆಳ್ತಂಗಡಿಗೆ ಬಿಟ್ಟು ಬರ್ತೇನೆ," ಎಂದರು. ಅತ್ತೆಯೇ ಬೇಡ ಎಂದರು: "ಹಿಟ್ಟು ಯಾರು ಕಡೆಯುವುದು? ಇನ್ನು ಮೇಲೆ ಹೊರಗೆ ಅಂತ ಹೇಳಿದರೆ ನನಗೆ ಬಟ್ಟೆ ತೋರಿಸಬೇಕು, ಅಷ್ಟೇ." ಹಾಗೆ ಐದು ತಿಂಗಳು ನಾನು ನನ್ನ ಮುಟ್ಟಿನ ಬಟ್ಟೆಯನ್ನು ಕೋಲಿನ ತುದಿಯಲ್ಲಿ ಎತ್ತಿ, ದೂರ ನಿಂತ ಅತ್ತೆಗೆ ತೋರಿಸಿದೆ. ಅವರು ತಲೆಯಾಡಿಸಿದ ಮೇಲೆ ಚಾಪೆ ಹಾಸಿಕೊಂಡೆ. ಕಾಯಿಲೆಯಿಂದ ನನಗೆ ಆದ ನೋವುಗಳಲ್ಲಿ ಮೈಯ ನೋವನ್ನು ಮರೆತಿದ್ದೇನೆ. ಆ ತಲೆಯಾಡಿಸುವಿಕೆಯನ್ನು ಮರೆಯಲಾಗಲಿಲ್ಲ, ಮರೆಯುವ ಮನಸ್ಸೂ ಇಲ್ಲ.

ಮಧ್ಯದ ಮೂರು ದಿನ ಹೋಯಿತು, ಲೆಕ್ಕಾಚಾರ ತಪ್ಪಿತು. ದೀಪಾವಳಿಗೆ ಹೋಟೆಲಿನಲ್ಲಿ ಜನವೋ ಜನ. ಒಂದು ವಾರ ನಿಲ್ಲದೆ ಕಡೆದೆ. ಎಂಟನೆಯ ದಿನ ಕಲ್ಲಿನ ಮುಂದೆ ಕೂತವಳಿಗೆ ಏಳಲಾಗಲಿಲ್ಲ. ನಾಲ್ಕು ತಿಂಗಳು ಅದೇ ಸೌದೆ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಬಿದ್ದಿದ್ದೆ. ಬೆಳಕು ಕಣ್ಣಿಗೆ ಚುಚ್ಚುತ್ತಿತ್ತು, ಪಾತ್ರೆಯ ಸದ್ದು ತಲೆಗೆ ಹೊಡೆಯುತ್ತಿತ್ತು. ಕಾಗದ ಹೋಗಿ ಅಣ್ಣ ಬಂದ. ಬಾಗಿಲಲ್ಲೇ ನಿಂತು ನೋಡಿ, "ಅತ್ತಿಗೆ ಬಾಣಂತಿ ಪದ್ದು, ಎರಡು ತಿಂಗಳು ಹೋಗಲಿ," ಎಂದು ಕೊನೆಯ ಬಸ್ಸಿಗೂ ಕಾಯದೆ ಹೋದ. ಅವನು ಒಯ್ಯಲಿಲ್ಲ, ಇವರು ಕಳಿಸಲಿಲ್ಲ. ನನ್ನ ಜಾಗ ಉಳಿದದ್ದು ಹೀಗೆ.

ಕೆಡ್ಡಸ ಬಂತು. ನಮ್ಮ ಕಡೆ ವರ್ಷಕ್ಕೆ ಮೂರು ದಿನ ಭೂಮಿತಾಯಿ ಮುಟ್ಟಾಗುತ್ತಾಳೆ. ಆ ಮೂರು ದಿನ ಯಾರೂ ನೆಲಕ್ಕೆ ಹಾರೆ ಹಾಕುವುದಿಲ್ಲ, ಹಸಿ ಗಿಡ ಕಡಿಯುವುದಿಲ್ಲ, ಉಳುವುದಿಲ್ಲ. ಕೊನೆಯ ದಿನ ಅವಳ ಸ್ನಾನಕ್ಕೆಂದು ನೆಲಕ್ಕೆ ಎಣ್ಣೆ ಬಿಡುತ್ತಾರೆ. ಪೇಟೆಗೆ ಬಂದರೂ ಅತ್ತೆ ತಮ್ಮ ತವರಿನ ಆ ಕ್ರಮವನ್ನು ಬಿಟ್ಟಿರಲಿಲ್ಲ. ನನ್ನ ಕೋಣೆಯ ಬಾಗಿಲಿನ ಎದುರಿಗೇ, ನೋಯುವ ಮೊಣಕಾಲು ಊರಿ, ಎಲೆಯಲ್ಲಿ ಸೀಗೆಪುಡಿ ಇಟ್ಟು, ಮಣ್ಣಿಗೆ ಎಣ್ಣೆ ಬಿಟ್ಟು ಕೈಮುಗಿದರು.

ಆ ನಾಲ್ಕು ತಿಂಗಳಲ್ಲಿ ನಾನು ಆಡಿದ್ದು ಕಡಿಮೆ. ಆ ದಿನ ಕೇಳಿದೆ: "ಅತ್ತೆ, ಭೂಮಿ ನಿಮಗೆ ಬಟ್ಟೆ ತೋರಿಸಿತೋ?"

ಅತ್ತೆ ಮುಗಿದ ಕೈಯನ್ನು ಇಳಿಸಿದರು. ಎದ್ದು ಒಳಗೆ ಹೋದರು. ಅಂದಿನಿಂದ ಅವರು ನನ್ನ ಬಟ್ಟೆ ಕೇಳಲಿಲ್ಲ, ಬೆಳ್ತಂಗಡಿಯ ಮಾತೂ ಎತ್ತಲಿಲ್ಲ. ಅದನ್ನು ಪಶ್ಚಾತ್ತಾಪ ಎನ್ನುವವರು ಎನ್ನಲಿ. ಅದರ ಬಗ್ಗೆ ನನ್ನ ಹತ್ತಿರ ಒಂದು ಮಾತೂ ಆಡಿದವರಲ್ಲ.

ಹಿಟ್ಟು ಕಡೆಯಲು ಪಕ್ಕದ ಕೇರಿಯ ಒಬ್ಬ ವಿಧವೆಯನ್ನು ಗೊತ್ತುಮಾಡಿದರು. ಗಿರಾಕಿಗಳು ಇಡ್ಲಿ ತಿನ್ನುವುದನ್ನು ಬಿಡಲಿಲ್ಲ. ಬದಲಾದದ್ದು ಯಾರಿಗೂ ಗೊತ್ತೇ ಆಗಲಿಲ್ಲ. ನಾಲ್ಕು ವರ್ಷ ಮೊದಲೇ ಮಾಡಬಹುದಾಗಿದ್ದ ಕೆಲಸ. ನಾನು ಮೆಲ್ಲಮೆಲ್ಲನೆ ಎದ್ದೆ. ಕೂತು ಮಾಡುವ ಕೆಲಸಗಳನ್ನು ನನ್ನವಾಗಿಸಿಕೊಂಡೆ: ತರಕಾರಿ ಹೆಚ್ಚುವುದು, ಕಾಯಿ ತುರಿಯುವುದು, ಅಕ್ಕಿಯ ಕಲ್ಲು ಆರಿಸುವುದು. ಯಾರು ನಕ್ಕರೂ ಅರ್ಧ ಕೊಡ. ಇನ್ನೂ ಆಗುತ್ತದೆ ಎಂದು ಕಾಣುವಾಗ ಕೈ ತೆಗೆಯುತ್ತಿದ್ದೆ. ಮಗುವಾಗಲಿಲ್ಲ. ಇವರು ಇನ್ನೊಂದು ಮದುವೆಯನ್ನೂ ಆಗಲಿಲ್ಲ, ನನ್ನನ್ನು ಹೇಗಿದ್ದಿ ಎಂದೂ ಕೇಳಲಿಲ್ಲ. ಪಂಡಿತರು ಅಷ್ಟರಲ್ಲಿ ತೀರಿಹೋದರು ಎಂದು ಯಾರೋ ಹೇಳಿದರು. ಅವರಿಗೊಂದು ಕಾಗದ ಬರೆಯಬೇಕೆಂದಿದ್ದೆ.

ಹಾಗೆ ಕೆಲವು ವರ್ಷ ಹೋದ ಮೇಲೆ ನನ್ನ ಮೈದುನನಿಗೆ ಮದುವೆಯಾಯಿತು. ಹುಡುಗಿ ಮೂಡಬಿದಿರೆ ಕಡೆಯವಳು, ಶಾರದೆ, ಹತ್ತೊಂಬತ್ತು ವರ್ಷ. ಗಟ್ಟಿ ಹುಡುಗಿ ಸಿಕ್ಕಿದಳು ಎಂದು ಅತ್ತೆ ಆ ವಿಧವೆಯನ್ನು ಬಿಡಿಸಿದರು. ಶಾರದೆ ಕಲ್ಲಿನ ಮುಂದೆ ಕೂತಳು. ಒಂದು ವರ್ಷ ಅವಳು ಎದ್ದದ್ದನ್ನು ನಾನು ಹೆಚ್ಚು ಕಂಡದ್ದಿಲ್ಲ.

ಒಂದು ಬೆಳಿಗ್ಗೆ ಅವಳು ಹಿಂಬಾಗಿಲಿನ ಹೊರಗೆ ನಿಂತು, "ಅತ್ತೆ, ನಾನು ಹೊರಗೆ," ಎಂದಳು. ಆ ತಿಂಗಳಲ್ಲಿ ಅದು ಎರಡನೆಯ ಸಲ. ಅತ್ತೆ ನನ್ನ ಮುಖ ನೋಡಿದರು. ಅವರಿಗೆ ಆಗ ಮೆಟ್ಟಿಲು ಇಳಿಯಲು ಆಗುತ್ತಿರಲಿಲ್ಲ. ಮಧ್ಯಾಹ್ನ ಊಟವಾದ ಮೇಲೆ ನನಗೆ ಹೇಳಿದರು:

"ಪದ್ಮಾ, ಹಿಂದಿನ ಕಲ್ಲು ಒದ್ದೆ ಉಂಟೋ ನೋಡಿ ಬಾ."

ಹೋದೆ. ಕಲ್ಲು ಒಣಗಿತ್ತು. ಮೇಲೆ ಎರಡು ಹಲಸಿನ ಎಲೆ ಬಿದ್ದು, ಅವೂ ಒಣಗಿದ್ದವು. ಕೋಣೆಯ ಬಾಗಿಲು ತೆರೆದಿತ್ತು. ಶಾರದೆ ಚಾಪೆಯ ಮೇಲೆ ಎದ್ದು ಕೂತು ನನ್ನನ್ನೇ ನೋಡುತ್ತಿದ್ದಳು. ಅವಳಿಗೆ ನನ್ನಂಥ ಕಾಯಿಲೆ ಇತ್ತೋ, ಬರೇ ಸಾಕಾಗಿತ್ತೋ, ನಾನು ಕೇಳಲಿಲ್ಲ. ಆವತ್ತೂ ಕೇಳಲಿಲ್ಲ, ಆಮೇಲೂ ಕೇಳಲಿಲ್ಲ.

ಬಾವಿಗೆ ಹೋದೆ. ಅರ್ಧ ಕೊಡ ಆ ಕಲ್ಲಿಗೆ ಸಾಲದು. ಬಿಸಿಲಿಗೆ ಕಾದ ಕಲ್ಲು, ಕ್ಷಣದಲ್ಲಿ ಕುಡಿದುಬಿಡುತ್ತದೆ. ಕಂಠದವರೆಗೆ ತುಂಬಿಸಿದೆ. ಸೊಂಟದ ಮೇಲೆ ಇಟ್ಟುಕೊಂಡು ಎಲ್ಲೂ ಕೂರದೆ ಹಿತ್ತಿಲು ದಾಟಿ, ಕಲ್ಲಿನ ಮೇಲೆ ಪೂರ್ತಿ ಹೊಯ್ದೆ. ಒಳಗೆ ಬಂದೆ.

"ಒದ್ದೆ ಉಂಟು," ಎಂದೆ.

ಅತ್ತೆ ನನ್ನ ಸೀರೆಯ ಅಂಚು ನೋಡಿದರು. ಅದರಿಂದಲೂ ನೀರು ಇಳಿಯುತ್ತಿತ್ತು. ಗೋಡೆಯ ಕಡೆ ತಿರುಗಿ ಮಲಗಿದರು.

ಆ ಒಂದು ಕೊಡಕ್ಕೆ ನಾನು ಆರು ದಿನ ಹಾಸಿಗೆ ಬಿಟ್ಟು ಏಳಲಿಲ್ಲ. ನಾಲ್ಕನೆಯ ದಿನ ಶಾರದೆ ಮಿಂದು ಒಳಗೆ ಬಂದು, ನನ್ನ ತಲೆಯ ಹತ್ತಿರ ಗಂಜಿ ಇಟ್ಟು, ಕಲ್ಲಿನ ಮುಂದೆ ಹೋಗಿ ಕೂತಳು.